ಆಟಗಾರನಿಗೆ ತಂದ ಯಾಲಕ್ಕಿ ಹಾರ

ಪೋರ್ತುಗಾಲಿನ ಆ ಆಟಗಾರನನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಿದವಳಲ್ಲ. ಆದರೂ ತೊಂಬತ್ತರ ದಶಕದಲ್ಲಿ, ರಾಣೇಬೆನ್ನೂರಿನ ನಮ್ಮ ಬಾಡಿಗೆ ಮನೆಯಲ್ಲಿ, ಅವನ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಯಾವ ಹೆಂಗಸಿನ ಮೇಲೂ ಪಟ್ಟಿಲ್ಲ.

ನಮ್ಮ ಮನೆಯವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮದುವೆಗೆ ಮುಂಚೆ ಗೋವಾದಲ್ಲಿದ್ದು ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಅಲ್ಲಿಯ ಗೆಳೆಯರೊಬ್ಬರು ಇಂಗ್ಲಿಷ್ ಕ್ರೀಡಾ ಪತ್ರಿಕೆಗಳನ್ನು ಕಟ್ಟಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಇವರದು ಕನ್ನಡ ಶಾಲೆ, ನನ್ನದು ಹುಬ್ಬಳ್ಳಿಯ ಕಾನ್ವೆಂಟು. ಹಾಗಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ. ಬ್ಯಾಡಗಿಯಿಂದ ನಮ್ಮಪ್ಪ ಹಾಸ್ಟೆಲಿಗೆ ಕಳಿಸಿ ಕಲಿಸಿದ ಇಂಗ್ಲಿಷು ಹೀಗೆ ಪರಗಂಡಸೊಬ್ಬನ ಗುಣಗಾನಕ್ಕೆ ಖರ್ಚಾಯಿತು.

ಬಂದರಿನ ಓಣಿಯಲ್ಲಿ ಆಡಿದ ಹುಡುಗ ದೊಡ್ಡ ಕ್ಲಬ್ಬು ಸೇರಿದ್ದು, ಪರದೇಶಕ್ಕೆ ಹೋಗಿ ಮೊಣಕಾಲು ನೋಯಿಸಿಕೊಂಡದ್ದು, ತಿರುಗಿ ಹಳೇ ಕ್ಲಬ್ಬಿಗೇ ಬಂದದ್ದು, ಎಲ್ಲ ನನ್ನ ಬಾಯಿಂದಲೇ. ಅವನು ಮೈದಾನದ ನಡುವಿನ ಆಟಗಾರ. ಗೋಲು ಹೊಡೆಯುವವರು ಬೇರೆ. ಇವನು ಚೆಂಡನ್ನು ಅವರವರ ಕಾಲಿಗೆ ಮುಟ್ಟಿಸುವವನು. ಅಷ್ಟಕ್ಕೇ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ, ಕ್ಷೌರದಂಗಡಿಗಳಲ್ಲಿ ಅವನ ಚಿತ್ರವಂತೆ, ಹುಟ್ಟಿದ ಕೂಸುಗಳಿಗೆ ಅವನ ಹೆಸರಂತೆ. ನಾನೂ ದಿನಾ ಟವೆಲ್ಲು, ಊಟದ ಡಬ್ಬಿ, ಬಿಸಿ ರೊಟ್ಟಿ ಎಲ್ಲ ಅವರವರ ಕೈಗೆ ಮುಟ್ಟಿಸುತ್ತಿದ್ದೆ. ಪತ್ರಿಕೆಯವರು ಬರೆಯುವುದಿರಲಿ, ರೊಟ್ಟಿ ಮೆತ್ತಗಾಗ್ಯಾವ ಎಂಬ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಒಂದು ಸಂಚಿಕೆಯಲ್ಲಿ ಅವನು ನಿವೃತ್ತನಾದ ಸುದ್ದಿ ಬಂತು. ಓದುವಾಗ ನನಗೆ ಒಳಗೊಳಗೇ ಹಗುರವಾಯಿತು. ಇವರು ಮಾತ್ರ ನಡುಪುಟದ ಚಿತ್ರಕ್ಕೆ ಕಟ್ಟು ಹಾಕಿಸಿ, ಹಾವೇರಿಗೆ ಹೋಗಿ ಯಾಲಕ್ಕಿ ಹಾರ ಮಾಡಿಸಿ ತಂದರು. ಕಚೇರಿಯಲ್ಲಿ ಯಾರು ನಿವೃತ್ತರಾದರೂ ಆ ಹಾರ ಹಾಕಿ ಕಳಿಸುವುದು ರೂಢಿ, ಅವನಿಗೂ ಆಗಲಿ ಎಂದರು. ಪಡಸಾಲೆಯ ಗೋಡೆಗೆ ಚಿತ್ರ ಏರಿತು, ಅದಕ್ಕೆ ಹಾರ. ಹಸಿರು ಯಾಲಕ್ಕಿ, ನಡುನಡುವೆ ಜರಿ, ಕೆಳಗೆ ಕೆಂಪು ರೇಷ್ಮೆಯ ಗೊಂಡೆ. ಮದುವೆಯಲ್ಲಿ ನನ್ನ ಕೊರಳಿಗೆ ಬಿದ್ದದ್ದು ಸಂಜೆಗೇ ಬಾಡಿದ ಸೇವಂತಿಗೆ.

ಅದೇ ವಾರ ಕುಪ್ಪೇಲೂರಿನಿಂದ ಇವರ ಸೋದರತ್ತೆ ಬಂದರು. ಚಿತ್ರ ನೋಡಿದವರೇ ಸೆರಗು ತಲೆಗೆಳೆದುಕೊಂಡು ಕೈಮುಗಿದರು. "ಪಾಪ, ಸಣ್ಣ ವಯಸ್ಸು. ಏನಾಗಿತ್ತವ್ವಾ?"

"ಏನೂ ಆಗಿಲ್ರಿ ಅತ್ತಿ. ರಿಟೈರ್ ಆಗ್ಯಾರ."

ಅತ್ತೆ ಇವರನ್ನು ಒಳಗಿಂದ ಕರೆದು ಬೈದರು. ಬದುಕಿದವರ ಫೋಟೋಕ್ಕೆ ಹಾರ ಹಾಕಬಾರದೆಂಬುದು ಕೂಸಿಗೂ ಗೊತ್ತು, ಆ ಹುಡುಗನ ಹೆಂಡತಿ ಮಕ್ಕಳು ನಿನಗೇನು ಮಾಡಿದ್ದರು ಎಂದರು. ಇವರು ಸ್ಟೂಲು ಹತ್ತಿ ಹಾರ ತೆಗೆದರು. ತೆಗೆದದ್ದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು.

"ಎದುರಿಗೆ ನಿಂತಾಳಲ್ಲೋ, ಕಣ್ಣು ಕಾಣಂಗಿಲ್ಲೇನು? ಅಕಿಗೆ ಹಾಕು," ಎಂದರು ಅತ್ತೆ.

ಹಾಕಲು ಬಂದರು. ಚಿತ್ರದ ಕಟ್ಟಿನ ಅಳತೆಗೆ ಮಾಡಿಸಿದ ಹಾರ. ನನ್ನ ತುರುಬಿಗೆ ಬಂದು ತಡೆಯಿತು.

"ಸಣ್ಣದಾತು ಬಿಡು. ಅವನ ಅಳತಿ ಇದು," ಎಂದು ಹಿಂದೆ ತೆಗೆಯಹೋದರು.

ನಾನು ಅಲ್ಲೇ, ಅತ್ತೆಯ ಎದುರಿಗೇ, ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದೆ. ಕೂದಲು ಬೆನ್ನ ಮೇಲೆ ಇಳಿಯಿತು.

"ಈಗ ಹಾಕ್ರಿ."

ಹಾಕಿದರು. ಕೊರಳಿಗೆ ಬಿಗಿಯಾಗಿಯೇ ಕೂತಿತು, ಘಮ್ಮೆಂದಿತು. ತಲೆ ಎತ್ತಿ ಇವರ ಮುಖ ನೋಡಿದೆ. ಇವರು ಗೋಡೆ ನೋಡುತ್ತಿದ್ದರು.

"ಬೋಳ ಬೋಳ ಕಾಣಾಕತ್ತಾನ ಅಲ್ಲ, ಪಾಪ," ಎಂದರು.