ನಡೆಯದ ಪರೀಕ್ಷೆಯ ಹಸಿರು

ಕೊಟ್ಟಾರದ ನಮ್ಮ ಆಫೀಸಿನ ವರದಿಯಲ್ಲಿ ಹಸಿರು ಕಂಡರೆ ಈಗ ನನಗೆ ವಾಕರಿಕೆ ಬರುತ್ತದೆ. ಹಾರ್ಡ್‌ಡಿಸ್ಕನ್ನು ಭಾಗ ಮಾಡುವ, ಆ ಭಾಗಗಳನ್ನು ಹಿಗ್ಗಿಸುವ ಸಾಫ್ಟ್‌ವೇರ್ ನಮ್ಮದು. ಅದನ್ನು ಪರೀಕ್ಷಿಸುವುದು ನನ್ನ ಕೆಲಸ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮಗಳು ಹಲವು. ಒಂದೊಂದು ಕ್ರಮದಲ್ಲೂ ನಕಲಿ ಡಿಸ್ಕ್ ತಯಾರಿಸಿ, ಹಿಗ್ಗಿಸಿ, ಫೈಲುಗಳು ಉಳಿದಿವೆಯೇ ಎಂದು ನೋಡಬೇಕು. ಇವುಗಳಲ್ಲಿ ಹಳೆಯದೊಂದು ಕ್ರಮದ ಡಿಸ್ಕ್ ತಯಾರಿಸುವ ಟೂಲ್ ಹೊಸ ಲಿನಕ್ಸ್ ಜೊತೆ ಬರುವುದು ನಿಂತುಹೋಯಿತು. ಟೂಲ್ ಸಿಗದಿದ್ದರೆ ನಮ್ಮ ಪರೀಕ್ಷೆ ಆ ಕ್ರಮವನ್ನು ಬಿಟ್ಟು ಮುಂದೆ ಹೋಗುತ್ತದೆ. ವರದಿಯಲ್ಲಿ ಮಾತ್ರ ಅದಕ್ಕೂ ಪಾಸಿನ ಹಸಿರು ಗುರುತು! ಪರೀಕ್ಷೆಗೆ ಕೂರದವನನ್ನೂ ಪಾಸು ಮಾಡುವ ನಾಚಿಕೆಗೇಡು ಇದು. ಮ್ಯಾನೇಜರಿಗೆ ಹೇಳಿದೆ.

"ಅದನ್ನು ಈಗ ಯಾರು ಉಪಯೋಗಿಸ್ತಾರೆ ಮಾರಾಯ? ಸುಮ್ಮನೆ ತಲೆ ತಿನ್ಬೇಡ," ಎಂದರು.

ಬೋಳಾರದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಟೀಚರು ಉಪಯೋಗಿಸುತ್ತಿದ್ದರು. ಮಸ್ಕತ್‌ನಲ್ಲಿ ದುಡಿದ ಗಂಡ ತೀರಿಕೊಂಡಿದ್ದರು. ಅವರು ತಂದ, ಆ ಹಳೆಯ ಕ್ರಮದ ಡಿಸ್ಕಿನಲ್ಲಿ ಮಗಳ ರೋಸ್ ಶಾಸ್ತ್ರದ ವಿಡಿಯೊ ಇತ್ತು. ಮದುವೆಯ ಮುನ್ನಾದಿನ ಮಗಳಿಗೆ ತೆಂಗಿನ ಹಾಲು ಹಚ್ಚುವ ಆ ಶಾಸ್ತ್ರದಲ್ಲಿ ಗಂಡ ಹಾಡಿದ್ದು ಅದರಲ್ಲಿತ್ತು. ಒಂದು ದಿನ ಟೀಚರು ಡಿಸ್ಕ್ ಹಿಡಿದುಕೊಂಡು ಬಂದರು.

"ಇದ್ರಲ್ಲಿ ಜಾಗ ಇಲ್ಲ ಅಂತ ಬರ್ತದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ದೊಡ್ಡದು ಮಾಡಿ ಕೊಡು ಮಗಾ. ನಿನ್ನ ಮ್ಯಾನೇಜರ್ ನನ್ನ ಶಿಷ್ಯನೇ ಅಲ್ವಾ? ಇವರ ಸ್ವರ ಬೇರೆಲ್ಲಿಯೂ ಇಲ್ಲ."

ಪರೀಕ್ಷಿಸದೆ ಹಾಗೆಯೇ ಹಿಗ್ಗಿಸಲು ನನಗೆ ಧೈರ್ಯವಾಗಲಿಲ್ಲ. ನಿಂತುಹೋದ ಟೂಲಿಗಾಗಿ ಹುಡುಕಿದೆ. ಯಾವುದೋ ವಿಶ್ವವಿದ್ಯಾಲಯದ ಹಳೆಯ ಸಂಗ್ರಹದಲ್ಲಿ ಆ ಟೂಲಿನ ಕೋಡ್ ಸಿಕ್ಕಿತು. ಈಗಿನ ಕಂಪ್ಯೂಟರಿಗೆ ಅದು ಒಗ್ಗಲಿಲ್ಲ. ಬೈಯುತ್ತಾ ತಿದ್ದಿ ಅಂತೂ ಓಡಿಸಿದೆ. ನಕಲಿ ಡಿಸ್ಕ್ ತಯಾರಾಯಿತು, ನಮ್ಮ ಸಾಫ್ಟ್‌ವೇರ್ ಅದನ್ನು ಹಿಗ್ಗಿಸಿತು. ಫೈಲುಗಳ ಹೆಸರೆಲ್ಲ ಉಳಿದಿತ್ತು, ಒಳಗೆ ಏನೂ ಇರಲಿಲ್ಲ.

ವರದಿಯಲ್ಲಿ ಕೆಂಪು ಕಂಡದ್ದೇ ಮ್ಯಾನೇಜರು ಓಡಿ ಬಂದರು. "ಬಿಡುಗಡೆಯ ದಿನ ಇದೆಂತ ಮಾರಾಯ? ಆ ಟೂಲ್ ತೆಗೆದುಬಿಡು, ಪುನಃ ಹಸಿರಾಗ್ತದೆ."

ಟೀಚರ ಡಿಸ್ಕಿನ ವಿಷಯ ಹೇಳಿದೆ. ಅವರ ಮುಖ ಬಿಳಿಚಿತು.

"ಅಯ್ಯೋ, ಟೀಚರ ಡಿಸ್ಕಿಗೆ ಮಾತ್ರ ನಮ್ಮದನ್ನು ಹಾಕ್ಬೇಡ!"

ಹೀಗೆ ಹೇಳಿ ತಾವೇ ಟೂಲನ್ನು ಅಳಿಸಿದರು. ಸಂಜೆ ಸಾಫ್ಟ್‌ವೇರ್ ಬಿಡುಗಡೆಯಾಯಿತು, ಹಳೆಯ ಡಿಸ್ಕಿಗೂ ಆಗುತ್ತದೆ ಎಂಬ ಜಂಬದೊಂದಿಗೆ. ಆ ಮನುಷ್ಯನ ಜೊತೆ ಕ್ಯಾಂಟೀನಿನಲ್ಲಿ ಒಂದೇ ಮೇಜಿಗೆ ಕೂರಲು ನನಗೆ ಹೇಸಿಗೆಯಾಯಿತು.

ಮರುದಿನ ನಾನು ಟೀಚರ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಹೊಸದೊಂದು ಡಿಸ್ಕಿಗೆ ಕಾಪಿ ಮಾಡಿ, ಎರಡನ್ನೂ ಕೊಂಡುಹೋಗಿ ಕೊಟ್ಟೆ. ಅವರು ವಿಡಿಯೊ ಹಾಕಿದರು. ಗಂಡನ ಒಡಕು ಸ್ವರ ಕೇಳಿದೊಡನೆ ನಕ್ಕರು, ಮತ್ತೆ ಕಣ್ಣೊರೆಸಿಕೊಂಡರು.

"ಒಳ್ಳೆ ಸಾಫ್ಟ್‌ವೇರ್ ಮಗಾ ನಿಮ್ಮದು."

"ಅದನ್ನು ಹಾಕಲಿಲ್ಲ ಟೀಚರ್. ನಾನು ಬರೀ ಕಾಪಿ ಮಾಡಿದ್ದು."

"ಹೌದಾ? ಮಸ್ಕತ್‌ನಲ್ಲಿ ನನ್ನ ತಂಗಿ ಹತ್ರ ಇಂಥದ್ದೇ ಡಿಸ್ಕ್ ಉಂಟು, ಇವರೇ ತುಂಬಿಸಿ ಕೊಟ್ಟದ್ದು. ನಮ್ಮ ಅಮ್ಮನ ಫೋಟೊ, ವಿಡಿಯೊ ಎಲ್ಲ ಇರುವುದು ಅದ್ರಲ್ಲೇ. ನಿಮ್ಮ ಸಾಫ್ಟ್‌ವೇರನ್ನೇ ಹಾಕಿ ದೊಡ್ಡದು ಮಾಡು ಅಂತ ಅವಳಿಗೆ ಹೇಳಿದೆ. ಇವತ್ತು ಬೆಳಿಗ್ಗೆ ಹಾಕಿದಳಂತೆ. ಇನ್ನು ತೆರೆದು ನೋಡ್ಲಿಕ್ಕುಂಟಷ್ಟೆ."