ಹಗ್ಗ ಸಾಕು ಎಂದವನು ನಾನು

ಅಣ್ಣಾ, ಆ ದಿನ ಕಾರು ಎಳೆಯುವ ಕಬ್ಬಿಣದ ರಾಡು ನಮ್ಮ ಶೆಡ್ಡಿನಲ್ಲೇ ಇತ್ತು. ಕೊಗನೊಳ್ಳಿ ಊರಿನವರು ಒಯ್ದಿದ್ದಾರೆ ಎಂದು ನಾನು ಹೇಳಿದ್ದು ಸುಳ್ಳು. ಹನ್ನೊಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಎದುರೇ ಕೂತು ಉಂಡಿದ್ದೇನೆ — ಎಂಥ ನಾಚಿಕೆಗೇಡಿ ನಾನು.

ನಿನ್ನ ಕಾರು ಸದಲಗಾದ ಮನೆ ಮುಂದೆ ಕೆಟ್ಟು ನಿಂತಿತ್ತು. ನಿಪ್ಪಾಣಿಯ ಗ್ಯಾರೇಜಿಗೆ ನನ್ನ ಟ್ರ್ಯಾಕ್ಟರಿನಿಂದ ಎಳೆದೊಯ್ಯಬೇಕಿತ್ತು. ಮೂವತ್ತು ವರ್ಷ ಬಾಡಿಗೆ ಜೀಪು ಓಡಿಸಿದವನು ನೀನು, ಅದಕ್ಕೇ ಕೇಳಿದೆ: "ತಮ್ಮಾ, ರಾಡ್ ಐತೇನೋ? ಇಂಜಿನ್ ಬಂದ್ ಇದ್ರ ಬ್ರೇಕ್ ಕಲ್ಲಾಗಿರ್ತೈತಿ. ಹಗ್ಗ ಬ್ಯಾಡ."

ರಾಡು ಗೊಬ್ಬರದ ಚೀಲಗಳ ಕೆಳಗಿತ್ತು. ಅಷ್ಟೂ ಚೀಲ ಎತ್ತಿಡಬೇಕು. ಮಧ್ಯಾಹ್ನದೊಳಗೆ ತಿರುಗಿ ಬಂದು ಕಬ್ಬು ಹೇರಬೇಕು, ಇಲ್ಲದಿದ್ದರೆ ಫ್ಯಾಕ್ಟರಿಯ ಪಾಳಿ ತಪ್ಪುತ್ತದೆ — ಮೈಗಳ್ಳತನ, ಬೇರೇನೂ ಅಲ್ಲ. ಕಬ್ಬಿನ ಹೇರು ಬಿಗಿಯುವ ಹಗ್ಗ ತಂದು ನಿನ್ನನ್ನೇ ಗದರಿಸಿದೆ.

"ಎರಡ ಟ್ರಾಲಿ ಕಬ್ಬು ಹಿಡದ ನಿಂದ್ರತೈತಿ ಈ ಹಗ್ಗ. ನಿನ್ನ ಡಬ್ಬಿ ಎಳ್ಯಾಂಗಿಲ್ಲೇನ? ಸುಮ್ನ ಕುಂದ್ರು."

ಹಗ್ಗ ಹರಿಯದಿದ್ದರೆ ಸಾಕು ಅಂದುಕೊಂಡೆವು — ಅಲ್ಲ, ಅಂದುಕೊಂಡವನು ನಾನೊಬ್ಬನೇ. ಹಗ್ಗ ಎಳೆದೀತು. ಹಿಂದಿನ ಗಾಡಿ ಮೈಮೇಲೆ ಬಂದರೆ ರಾಡಿನ ಹಾಗೆ ತಡೆದು ನಿಲ್ಲಿಸಲಾರದು. ಅದು ನಿನಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ನಿನ್ನ ಮನೆಯಾಕೆ, ನನ್ನ ವೈನಿ, ಬಾಜಾರಕ್ಕೆಂದು ನಿನ್ನ ಪಕ್ಕ ಕೂತರು. ಭೋಜ ಊರು ದಾಟಿದ ಮೇಲೆ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ನಾನು ಕೈ ತೋರಿಸಲಿಲ್ಲ, ಹಿಂದೆ ನೋಡಲಿಲ್ಲ, ಒಮ್ಮೆಲೇ ನಿಲ್ಲಿಸಿಬಿಟ್ಟೆ. ಕಾರು ಬಂದು ಟ್ರ್ಯಾಕ್ಟರಿಗೆ ಗುದ್ದಿತು. ಗಾಜು ಒಡೆದು ವೈನಿಯ ಎಡಗಣ್ಣು ಹೋಯಿತು. ನಿನ್ನ ಹಣೆ ಸ್ಟೇರಿಂಗಿಗೆ ಬಡಿದು ಎಚ್ಚರ ತಪ್ಪಿತು; ಆ ಗಳಿಗೆ ನಿನಗೆ ಮತ್ತೆ ನೆನಪಾಗಲೇ ಇಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಕೇಳಿದೆ, "ನಾ ಬ್ರೇಕ್ ಒತ್ತಿದ್ನೇನೋ?"

"ಇಲ್ಲಣ್ಣ," ಅಂದೆ. "ನೀ ಗಾಬರ್ಯಾಗಿ ಕುಂತಿದ್ದಿ."

ಯಾಕಂದೆ? ಮಂದಿ ನನ್ನತ್ತ ಬೊಟ್ಟು ಮಾಡಿಯಾರೆಂಬ ಹೆದರಿಕೆ — ಅದನ್ನು ಈಗ ಹೇಳಿ ಏನು ಬಂತು. ಅಂದಿನಿಂದ ನೀನು ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಿಲ್ಲ. ಮೊನ್ನೆ ಸೂಜಿಗೆ ದಾರ ಪೋಣಿಸಲಾಗದೆ ವೈನಿ ಒದ್ದಾಡುವಾಗ ನೀನು ಎದ್ದು ಹೊರಗೆ ಹೋದೆ. ಅವರು ಹಿಂದೆಯೇ ಬಂದು ಅಂದರು, "ಹೋಗ್ಲಿ ಬಿಡ್ರಿ. ನೀವೇನ ಬೇಕಂತ ಮಾಡೀರೇನು?" ಮಾಡದ ತಪ್ಪಿಗೆ ನಿನಗೆ ಕ್ಷಮೆ ಸಿಗುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ಇವತ್ತು ಸಂಜೆ ಬರುತ್ತೇನೆ. ವೈನಿಯ ಎದುರಿಗೇ ಇದನ್ನೆಲ್ಲ ಓದುತ್ತೇನೆ. ಆಮೇಲೆ ಬೈಯಿರಿ, ಹೊರಗೆ ಹಾಕಿರಿ, ಮುಖ ನೋಡಬೇಡಿರಿ. ಆದರೆ ಒಂದು ಮಾತು ಮಾತ್ರ ಪೂರ್ತಿ ಕೇಳು ಅಣ್ಣಾ — ಕಾರಿನಿಂದ ನಿನ್ನನ್ನು ಹೊರಗೆ ತೆಗೆದವನು ನಾನು. ಎಚ್ಚರ ತಪ್ಪಿದ್ದರೂ ನಿನ್ನ ಬಲಗಾಲು ಬ್ರೇಕನ್ನು ಒತ್ತಿ ಹಿಡಿದೇ ಇತ್ತು. ಅದನ್ನು ಬಿಡಿಸಿದ್ದು ನನ್ನ ಈ ಎರಡು ಕೈ.