ಷಡ್ಡಕರ ರಾಜಿ

ಟಿಲ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನೆ ಮಾಡುವ ಸ್ಮಿತಾ ಆರು ವರ್ಷದಿಂದ ಇಬ್ಬರು ಅಕ್ಕತಂಗಿಯರಿಗೆ ಗಂಟುಬಿದ್ದಿದ್ದಾಳೆ. ಏಳುನೂರೈವತ್ತು ವರ್ಷದ ಹಿಂದೆ ಅಕ್ಕ ಫ್ರಾನ್ಸಿಗೆ ರಾಣಿ, ತಂಗಿ ಇಂಗ್ಲೆಂಡಿಗೆ. ಗಂಡಂದಿರು ಹಾವು-ಮುಂಗುಸಿ. ಕೊನೆಗೆ ಆದ ರಾಜಿಯ ಹಿಂದೆ ಈ ಅಕ್ಕತಂಗಿಯರಿದ್ದರು ಅನ್ನುವುದು ಸ್ಮಿತಾಳ ವಾದ. ಪುಸ್ತಕ ತೆರೆದರೆ ಮಾತ್ರ ಬರೀ ರಾಜರ ಹೆಸರು. ಆಗಿನ ಬರಹಗಾರರ ಕೈಗೆ ಏನು ಬಡಿದಿತ್ತೋ ಎಂದು ಅವಳು ದಿನಾ ಬೈಯುತ್ತಾಳೆ.

ಮನೆಯ ಕಥೆಯೂ ಅಷ್ಟೇ. ಅವಳ ಗಂಡ ಸಿದ್ಧಾರೂಢ, ಅಕ್ಕನ ಗಂಡ ಅಂದಪ್ಪ ಇಬ್ಬರೂ ಎಂಜಿನಿಯರುಗಳು. ಸೇರಿ ಕನ್ನಡ ಸಂಘ ಕಟ್ಟಿದರು, ಅಧ್ಯಕ್ಷರ ಕುರ್ಚಿಗೆ ಕಿತ್ತಾಡಿ ಎರಡು ಮಾಡಿಕೊಂಡರು. ಒಂದು ಟಿಲ್‌ಬರ್ಗ್‌ನಲ್ಲಿ, ಇನ್ನೊಂದು ಆಮ್ಸ್ಟರ್‌ಡ್ಯಾಮಿನಲ್ಲಿ. ದೀಪಾವಳಿಯನ್ನೂ ಎರಡೂ ಸಂಘ ಹಟಕ್ಕೆ ಬಿದ್ದು ಒಂದೇ ಭಾನುವಾರ ಮಾಡುತ್ತವೆ. ಅಕ್ಕ ಗಿರಿಜಾದೇವಿ ಇರುವ ಆಮ್ಸ್ಟರ್‌ಡ್ಯಾಮಿನ ಬಡಾವಣೆ ಬೈಟನ್‌ವೆಲ್ಡರ್ಟ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ. ಆದರೂ ಅಕ್ಕತಂಗಿ ಒಟ್ಟಿಗೆ ಹಬ್ಬದೂಟ ಉಂಡು ಎರಡು ವರ್ಷವಾಯಿತು. ಇದಕ್ಕೇನನ್ನಬೇಕು ಹೇಳಿ.

"ನಿನ್ನ ರಾಣ್ಯಾರು ಏನ ಮಾಡಿದ್ರವಾ?" ಎಂದು ಗಿರಿಜಾ ಫೋನಿನಲ್ಲಿ ಕೇಳಿದಳು.

"ಗಂಡಂದಿರ ಬೆನ್ನ ಬಿಡಲಿಲ್ಲಕ್ಕಾ."

ಎರಡೂ ಸಂಘದ ಅಡುಗೆ, ಮಕ್ಕಳ ನಾಟಕ, ರಂಗೋಲಿ ಎಲ್ಲ ನಡೆಯುತ್ತಿದ್ದದ್ದು ಇವರಿಬ್ಬರ ಕೈಯಲ್ಲೇ. ಅವತ್ತು ಇಬ್ಬರೂ ತಂತಮ್ಮ ಗಂಡನಿಗೆ ಒಂದೇ ಮಾತು ಹೇಳಿದರು: "ಒಂದ ಕಡೆ ಹಬ್ಬ ಮಾಡಿದ್ರ ಹೋಳಿಗಿ. ಇಲ್ಲಂದ್ರ ಬ್ರೆಡ್ ತಿನ್ರಿ." ಮೂರು ವಾರ ಮುಖ ಊದಿಸಿಕೊಂಡಿದ್ದು ಆಮೇಲೆ ಇಬ್ಬರು ಮಹಾಶಯರೂ ದಾರಿಗೆ ಬಂದರು.

ಹಬ್ಬದ ದಿನ ಅಕ್ಕತಂಗಿ ಮುಂದಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರು. ಸ್ಮಿತಾಳ ಕೈಗೆ ಇನ್ನೂ ಹೂರಣದ ವಾಸನೆ. ವೇದಿಕೆ ಮೇಲೆ ನಿರೂಪಕ ಚೇತನ್ ಹಾಳೆ ನೋಡಿ ಓದಿದ: "ಮನಸ್ತಾಪ ಮರೆತು ಸಂಘಗಳನ್ನು ಒಂದುಗೂಡಿಸಿದ ಹಿರಿಮೆ ಶ್ರೀ ಅಂದಪ್ಪ ಮತ್ತು ಶ್ರೀ ಸಿದ್ಧಾರೂಢ ಅವರದು." ಚಪ್ಪಾಳೆಯೋ ಚಪ್ಪಾಳೆ. ಷಡ್ಡಕರು ಶಾಲು ಹೊದ್ದು, ದೊಡ್ಡ ಮನಸ್ಸು ಮಾಡಿದವರ ಹಾಗೆ ಕೈಮುಗಿದರು.

ಗಿರಿಜಾಳ ಮೈಯೆಲ್ಲ ಉರಿಯಿತು. "ನಮ್ಮ ಹೆಸರು ಎಲ್ಲೈತಿ? ಯಾರ ಬರದ ಕೊಟ್ಟಾರ ಇದನ್ನ?"

ಸ್ಮಿತಾ ತಲೆ ತಗ್ಗಿಸಿದಳು. ಹೋದ ವಾರ ರೈಲಿನಲ್ಲಿ ಕೂತು, ಅವಸರದಲ್ಲಿ, ಎರಡನೇ ಯೋಚನೆಯೇ ಇಲ್ಲದೆ ಆ ಹಾಳೆ ಟೈಪ್ ಮಾಡಿ ಕಳಿಸಿದ್ದು ಅವಳೇ.